ಅಲೆಯ ದಾರಿಯಲ್ಲಿ ನಾವು

ಊರಿನಿಂದ ಬಂದ ನೆಂಟರನ್ನು ಆಕ್ಸ್‌ಫರ್ಡ್ ಸರ್ಕಸ್ಸಿಗೆ ಕರೆದೊಯ್ಯದ ಕುಟುಂಬ ನಮ್ಮ ಸಂಘದಲ್ಲಿ ಇರಲಾರದು. ಅಂಗಡಿ ಅಂಗಡಿ ಸುತ್ತಿ, ಕಾಲು ಸೋತು, ಎರಡೂ ಕೈಗೆ ಚೀಲ ನೇತುಹಾಕಿಕೊಂಡು ಹಿಂದಿರುಗಿದವರೇ ನಾವೆಲ್ಲ. ಅಲ್ಲಿಯೇ ಪಕ್ಕದಲ್ಲಿ, ಆಕ್ಸ್‌ಫರ್ಡ್ ಸ್ಟ್ರೀಟಿನಿಂದ ಉತ್ತರಕ್ಕೆ ಹೊರಟು ಮೇರಿಲಬೋನ್ ರಸ್ತೆಯವರೆಗೆ ಹೋಗುವ ಬೀದಿಯೊಂದಿದೆ. ಗ್ರೇಟ್ ಪೋರ್ಟ್‌ಲೆಂಡ್ ಸ್ಟ್ರೀಟ್ ಎಂದು ಅದರ ಹೆಸರು. 1879ರಲ್ಲಿ ಈ ಬೀದಿಯಲ್ಲಿ ಗೃಹಸ್ಥರೊಬ್ಬರು ಟೆಲಿಫೋನಿನ ಕೇಳುಗೊಳವೆಯನ್ನು ಕಿವಿಗೆ ಒತ್ತಿಕೊಂಡು ಅತ್ತಿಂದಿತ್ತ ನಡೆದಾಡುತ್ತಿದ್ದರು. ಆ ಗೊಳವೆಯಿಂದ ಯಾವ ಮನೆಗೂ ತಂತಿ ಎಳೆದಿರಲಿಲ್ಲ. ಕಂಡವರು ಏನೆಂದುಕೊಂಡರೋ ತಿಳಿಯದು. ಇಂದು ಅದೇ ಬೀದಿಯಲ್ಲಿ ಕಿವಿಗೆ ಏನನ್ನೂ ಹಚ್ಚಿಕೊಳ್ಳದೆ ನಡೆಯುವವನನ್ನೇ ಜನ ತಿರುಗಿ ನೋಡಬೇಕು!

ಆ ಗೃಹಸ್ಥರ ಹೆಸರು ಡೇವಿಡ್ ಎಡ್ವರ್ಡ್ ಹ್ಯೂಸ್. ಸಂಗೀತದ ಅಧ್ಯಾಪಕರಾಗಿದ್ದು ಆಮೇಲೆ ವಿದ್ಯುತ್ತಿನ ಕಡೆಗೆ ಹೊರಳಿದವರು. ಅಕ್ಷರ ಮುದ್ರಿಸುವ ತಂತಿಯಂತ್ರವನ್ನೂ 1878ರಲ್ಲಿ ಇಂಗಾಲದ ಮೈಕ್ರೋಫೋನನ್ನೂ ರಚಿಸಿ ಹೆಸರು ಮಾಡಿದ್ದರು. ಮನೆಯಲ್ಲಿ ಕಿಡಿ ಹಾರಿಸುವ ಒಂದು ಯಂತ್ರವನ್ನು ಗಡಿಯಾರದ ಚಕ್ರಗಳಿಂದ ತಾನಾಗಿ ನಡೆಯುವಂತೆ ಇಟ್ಟು, ತಾವು ಬೀದಿಗಿಳಿದು, ಆ ಕಿಡಿಯ ಟಕಟಕ ಸದ್ದು ಎಲ್ಲಿಯವರೆಗೆ ಕೇಳುತ್ತದೆ ಎಂದು ಪರೀಕ್ಷಿಸುತ್ತಿದ್ದರು. ಮೊದಲ 60 ಗಜದವರೆಗೆ ಸದ್ದು ಹೆಚ್ಚುತ್ತಾ ಹೋಯಿತು. ಆಮೇಲೆ ಕ್ರಮೇಣ ಇಳಿಯಿತು. 500 ಗಜ ದಾಟಿದ ಮೇಲೆ ಕೇಳಿಸಲಿಲ್ಲ. ಇನ್ನೂ ಒಂದು ವಿಚಿತ್ರ ಅವರ ಗಮನಕ್ಕೆ ಬಂತು. ಕೆಲವು ಮನೆಗಳ ಮುಂದೆ ಸದ್ದು ಚೆನ್ನಾಗಿ ಕೇಳುತ್ತಿತ್ತು, ಬೇರೆ ಕೆಲವು ಮನೆಗಳ ಮುಂದೆ ಏನೂ ಇರುತ್ತಿರಲಿಲ್ಲ. ಯಂತ್ರ ಅದೇ, ಕಿಡಿ ಅದೇ, ಕಿವಿ ಅದೇ. ಬದಲಾದದ್ದು ನಡೆಯುವ ಮನುಷ್ಯ ನಿಂತ ಜಾಗ ಮಾತ್ರ.

1880ರ ಫೆಬ್ರವರಿ 20ರಂದು ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಪಾಟಿಸ್‌ವುಡ್, ಅದರ ಕಾರ್ಯದರ್ಶಿಗಳಾದ ಹಕ್ಸ್‌ಲಿ ಮತ್ತು ಸ್ಟೋಕ್ಸ್ ಈ ಪ್ರಯೋಗಗಳನ್ನು ನೋಡಲು ಬಂದರು. ಸ್ಟೋಕ್ಸ್ ದೊಡ್ಡ ಗಣಿತಜ್ಞ. ಇದರಲ್ಲಿ ಹೊಸದೇನೂ ಇಲ್ಲ, ಗೊತ್ತಿರುವ ವಿದ್ಯುತ್ ಪ್ರೇರಣೆಯಿಂದಲೇ ಇದನ್ನು ವಿವರಿಸಬಹುದು ಎಂದುಬಿಟ್ಟರು. ಹ್ಯೂಸ್ ಮನಸ್ಸು ಮುದುಡಿತು. ಪ್ರಯೋಗಗಳನ್ನು ಅವರು ಪ್ರಕಟಿಸಲಿಲ್ಲ. ಎಂಟು ವರ್ಷ ಕಳೆಯುವುದರೊಳಗೆ ಜರ್ಮನಿಯಲ್ಲಿ ಹರ್ಟ್ಸ್ ಅದೇ ಅಲೆಗಳನ್ನು ಅಳೆದು ಲೋಕಪ್ರಸಿದ್ಧನಾದ. ಆ ಅಲೆಗಳು ಇರಲೇಬೇಕು ಎಂದು ಗಣಿತದಿಂದ 1864ರಲ್ಲೇ ಹೇಳಿದ್ದ ಮ್ಯಾಕ್ಸ್‌ವೆಲ್ ಆಗ ಇದೇ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ ಎಂಬುದನ್ನೂ ಇಲ್ಲಿ ನೆನೆಯಬಹುದು. ಹ್ಯೂಸ್ 1900ರಲ್ಲಿ ತೀರಿಕೊಂಡರು. ಅವರ ಉಪಕರಣಗಳು ಸೌತ್ ಕೆನ್ಸಿಂಗ್ಟನ್ನಿನ ವಿಜ್ಞಾನ ವಸ್ತುಸಂಗ್ರಹಾಲಯವನ್ನು ಸೇರಿವೆ. ಅವರ ಹೆಸರಿನಲ್ಲಿ ರಾಯಲ್ ಸೊಸೈಟಿ ಕೊಡುವ ಪದಕವನ್ನು 1930ರಲ್ಲಿ ಪಡೆದವರು, ಮೂರು ವರ್ಷಗಳ ನಂತರ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ನಿರ್ದೇಶಕರಾಗಿ ಬಂದ ನಮ್ಮ ಸಿ. ವಿ. ರಾಮನ್.

ನೂರ ನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ನಡಿಗೆಯನ್ನು ಈಗ ನೆನೆಯುವುದಕ್ಕೆ ಕಾರಣವಿದೆ. ಹ್ಯೂಸ್‌ರಿಗೆ ಒಗಟಾಗಿದ್ದ ಪ್ರಶ್ನೆಯೇ, ಕೇಳುವವನು ನಡೆದರೆ ಅಲೆಗೇನಾಗುತ್ತದೆ ಎಂಬ ಪ್ರಶ್ನೆಯೇ, ನಮ್ಮ ಸಂಘದ ಸಮಿತಿಯ ಮೇಜಿನ ಮೇಲೂ ಬಂದು ಕುಳಿತಿದೆ.

ಕನ್ನಡಿಗರಿಗೊಂದು ಹೊಸ ಕನ್ನಡಕ

ಕಳೆದ ರಾಜ್ಯೋತ್ಸವದ ದಿನ ಬಾಡಿಗೆ ಹಾಲಿನ ಒಂದು ಮೂಲೆಯಲ್ಲಿ ತರುಣ ಸದಸ್ಯರು ತಲೆಗೆ ಕಟ್ಟಿಕೊಳ್ಳುವ ಎರಡು ದೊಡ್ಡ ಕನ್ನಡಕಗಳನ್ನು ಇಟ್ಟಿದ್ದರು. ಮಕ್ಕಳು ಇದನ್ನು ಹೆಡ್‌ಸೆಟ್ ಎನ್ನುತ್ತಾರೆ. ಈ ಇಡೀ ವಿದ್ಯೆಗೆ ಎಕ್ಸ್‌ಟೆಂಡೆಡ್ ರಿಯಾಲಿಟಿ ಎಂದು ಹೆಸರು. ವಿಸ್ತೃತ ವಾಸ್ತವ ಎಂದು ಕನ್ನಡದಲ್ಲಿ ಹೇಳಬಹುದು. ಕಣ್ಣಿನ ಮುಂದೆ ಎರಡು ಪುಟ್ಟ ತೆರೆಗಳು. ತಲೆ ಎತ್ತ ತಿರುಗಿದರೆ ಚಿತ್ರವೂ ಅತ್ತ ತಿರುಗುತ್ತದೆ. ಹಂಪೆಯ ಚಿತ್ರ ಹಾಕಿದರೆ, ಎಡಕ್ಕೆ ತಿರುಗಿದಾಗ ಬಂಡೆ, ಬಲಕ್ಕೆ ತಿರುಗಿದಾಗ ಮಂಟಪಗಳ ಸಾಲು, ಕತ್ತೆತ್ತಿದರೆ ವಿರೂಪಾಕ್ಷನ ಗೋಪುರ. ನೋಡುವವರು ಹಂಪೆಯಲ್ಲೇ ನಿಂತಂತೆ.

ಸರದಿಯಲ್ಲಿ ಹೆಚ್ಚಾಗಿ ನಿಂತಿದ್ದವರು ಮಕ್ಕಳಲ್ಲ, ಹಿರಿಯರು. ಎಂಬತ್ತು ದಾಟಿದ, ಮೊಣಕಾಲು ನೋವಿನಿಂದ ವಿಮಾನ ಹತ್ತುವುದನ್ನೇ ಬಿಟ್ಟಿರುವ ಅಜ್ಜಿಯೊಬ್ಬರು ಕನ್ನಡಕ ಧರಿಸಿ ಎದ್ದು ನಿಂತರು. ಮದುವೆಯಾದ ಹೊಸತರಲ್ಲಿ ನೋಡಿದ್ದ ಊರು. "ಇಲ್ಲೇ ಎಡಗಡೆ ಒಂದು ಹೂವಿನ ಅಂಗಡಿ ಇತ್ತು," ಎನ್ನುತ್ತಾ ಎಡಕ್ಕೆ ತಿರುಗಿದರು. ಅದೇ ಗಳಿಗೆಗೆ ಫೋಟೋ ಹಿಡಿಯಲು ನಾಲ್ಕು ಮಂದಿ ಅವರಿಗೂ ಗೋಡೆಯ ಬಳಿಯ ರೌಟರ್ ಪೆಟ್ಟಿಗೆಗೂ ನಡುವೆ ಬಂದು ನಿಂತರು. ಚಿತ್ರ ಕಲ್ಲಾಯಿತು. ತಲೆ ತಿರುಗಿದರೂ ಹಂಪೆ ತಿರುಗಲಿಲ್ಲ. ಅಜ್ಜಿ ವಾಲಿದರು, ಪಕ್ಕದಲ್ಲಿದ್ದವರು ತೋಳು ಹಿಡಿದು ಕುರ್ಚಿಗೆ ಕೂರಿಸಿದರು. ಏನೂ ಅನಾಹುತವಾಗಲಿಲ್ಲ. ಆದರೆ ಸಮಿತಿಯಲ್ಲಿ ಮಾತು ಎದ್ದಿತು: ಇದೆಲ್ಲ ಹಿರಿಯರಿಗೆ ಬೇಡ, ಮುಂದಿನ ವರ್ಷ ಮಕ್ಕಳಿಗೆ ಮಾತ್ರ ಇರಲಿ. ಎಂಬತ್ತರ ವಯಸ್ಸಿನಲ್ಲಿ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಏನಾಗುತ್ತದೆಂದು ಆಸ್ಪತ್ರೆಯಲ್ಲಿ ದುಡಿಯುವ ನಮ್ಮ ಸದಸ್ಯರಿಗೆ ಹೇಳಿಕೊಡಬೇಕಿಲ್ಲ. ಈ ಆತಂಕ ನ್ಯಾಯವಾದದ್ದೇ.

ಆದರೆ ಊರಿಗೆ ಹೋಗಬಲ್ಲ ಮಕ್ಕಳಿಗೆ ಊರನ್ನು ತೋರಿಸಿ, ಹೋಗಲಾರದ ಹಿರಿಯರಿಂದ ಅದನ್ನು ಕಿತ್ತುಕೊಳ್ಳುವುದು ಸರಿಯೇ? ನಿರ್ಧಾರಕ್ಕೆ ಮೊದಲು ಚಿತ್ರ ಏಕೆ ನಿಂತಿತು ಎಂಬುದನ್ನು ತಿಳಿಯುವುದು ಒಳ್ಳೆಯದು. ನಾವು ವೃತ್ತಿಯಿಂದ ರಸಾಯನಶಾಸ್ತ್ರದವರು, ರೇಡಿಯೋ ಎಂಜಿನಿಯರುಗಳಲ್ಲ. ಆದರೆ ಈ ಕಥೆಯ ಖಳನಾಯಕ ನೀರು, ಮತ್ತು ನೀರು ನಮ್ಮ ಶಾಸ್ತ್ರದ ಮನೆದೇವರು. ಆದ್ದರಿಂದ ನಾಲ್ಕು ಮಾತು ಹೇಳುವ ಧೈರ್ಯ.

ಹೆಜ್ಜೆಗೊಂದು ಅಲೆ

ಹಿಂದೆ ಕೇಳುವವನು ಕದಲುತ್ತಿರಲಿಲ್ಲ. ಲಂಡನ್ನಿನಲ್ಲಿ ಮನಶ್ಶಾಸ್ತ್ರ ಓದಿ ಹೋದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿ ಅದನ್ನು 'ಆಕಾಶವಾಣಿ' ಎಂದು ಕರೆದಾಗ, ಕೇಳುಗರು ರೇಡಿಯೋ ಪೆಟ್ಟಿಗೆಯ ಸುತ್ತ ಚಾಪೆ ಹಾಸಿ ಕೂರುತ್ತಿದ್ದ ಕಾಲ. ಅಲೆ ಅವರನ್ನು ಹುಡುಕಿಕೊಂಡು ಬರುತ್ತಿತ್ತು. ದೂರದರ್ಶನದ ದಿನಗಳಲ್ಲಿ ಒಬ್ಬ ತಾರಸಿಯ ಮೇಲೆ ಆಂಟೆನಾ ತಿರುಗಿಸುತ್ತಾ "ಬಂತಾ?" ಎಂದು ಕೂಗುವುದು, ಕೆಳಗಿನಿಂದ "ಬಂತು, ಬಂತು... ಅಯ್ಯೋ ಹೋಯ್ತು" ಎಂದು ಮನೆಮಂದಿ ಕೂಗುವುದು, ಇದು ನಮ್ಮಲ್ಲಿ ಯಾರಿಗೆ ನೆನಪಿಲ್ಲ? ಆಂಟೆನಾವನ್ನು ಹಿಡಿದು ನಿಂತರೆ ಚಿತ್ರ ಸರಿ, ಕೈಬಿಟ್ಟರೆ ಚುಕ್ಕೆಚುಕ್ಕೆ. ಮನುಷ್ಯನ ದೇಹ ಅಲೆಯ ವ್ಯವಹಾರದಲ್ಲಿ ತಲೆಹಾಕುತ್ತದೆ ಎಂಬ ಪಾಠ ಆಗಲೇ ಆಗಿತ್ತು.

ಚಲಿಸುವವರ ಯುಗ ಆಮೇಲೆ ಬಂತು. 1985ರ ಜನವರಿಯಲ್ಲಿ ಹಾಸ್ಯನಟ ಎರ್ನಿ ವೈಸ್ ಲಂಡನ್ನಿನ ಸೇಂಟ್ ಕ್ಯಾಥರೀನ್ ಡಾಕ್ಸಿನಿಂದ ನ್ಯೂಬರಿಗೆ ಮೊಬೈಲ್ ಕರೆ ಮಾಡಿ ಈ ದೇಶದಲ್ಲಿ ಅದಕ್ಕೆ ಚಾಲನೆ ಕೊಟ್ಟರು. ನೆಲದಡಿಯ ರೈಲುಗಳಿಗೂ ಅಲೆ ಇಳಿಯಿತು. 2020ರ ಮಾರ್ಚಿನಲ್ಲಿ ಜೂಬಿಲಿ ಲೈನಿನ ಪೂರ್ವಭಾಗದ ಸುರಂಗಗಳಲ್ಲಿ 4ಜಿ ದೊರೆಯತೊಡಗಿತು. ಹೀಗೆ ಗಂಟೆಗೆ ಎಷ್ಟೋ ಮೈಲಿ ಓಡುವ ರೈಲಿನಲ್ಲಿ ಮಾತಾಡುವುದು ಸಾಧ್ಯವಾಗಿರುವಾಗ, ಒಂದು ಹಾಲಿನೊಳಗೆ ನಿಂತಲ್ಲೇ ಎಡಕ್ಕೆ ತಿರುಗಿದ ಅಜ್ಜಿಗೆ ಚಿತ್ರ ಏಕೆ ಸಿಗಲಿಲ್ಲ?

ಮೊದಲ ಕಾರಣ ಹ್ಯೂಸ್ ಕಂಡದ್ದೇ. ಪೆಟ್ಟಿಗೆಯಿಂದ ಹೊರಟ ಅಲೆ ನೇರವಾಗಿಯೂ ಬರುತ್ತದೆ, ಗೋಡೆ, ಸೂರು, ಕಿಟಕಿಗಳಿಗೆ ಬಡಿದು ಸುತ್ತುದಾರಿಯಲ್ಲಿಯೂ ಬರುತ್ತದೆ. ಕೆರೆಗೆ ಎರಡು ಕಲ್ಲು ಒಟ್ಟಿಗೆ ಎಸೆದಾಗ ಎರಡೂ ಅಲೆಗಳ ಉಬ್ಬುಗಳು ಸೇರಿದ ಕಡೆ ನೀರು ಜಾಸ್ತಿ ಏಳುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸೇರಿದ ಕಡೆ ನೀರು ಸುಮ್ಮನಿರುತ್ತದೆ. ರೇಡಿಯೋ ಅಲೆಗೂ ಇದೇ ನಿಯಮ. ನಮ್ಮ ಮನೆಯ ವೈ-ಫೈ ಸೆಕೆಂಡಿಗೆ ಸುಮಾರು 500 ಕೋಟಿ ಸಲ, ಅಂದರೆ 5 ಗಿಗಾಹರ್ಟ್ಸ್‌ನಲ್ಲಿ ಕಂಪಿಸುವಾಗ ಅಲೆಯ ಉದ್ದ 6 ಸೆಂಟಿಮೀಟರು. ಆದ್ದರಿಂದ ಎರಡು ಬೆರಳಗಲ, ಸುಮಾರು 3 ಸೆಂಟಿಮೀಟರು ಸರಿದರೆ ಸಾಕು, ಬಲವಾದ ಜಾಗದಿಂದ ದುರ್ಬಲ ಜಾಗಕ್ಕೆ ಬಂದಿರಬಹುದು. ರೌಟರುಗಳಲ್ಲಿ ಒಂದಕ್ಕಿಂತ ಹೆಚ್ಚು ಆಂಟೆನಾ ಇರುವುದು ಇದಕ್ಕೇ. ಒಂದರ ತಗ್ಗು ಇನ್ನೊಂದರ ಉಬ್ಬಾಗಿರುತ್ತದೆ ಎಂಬ ಲೆಕ್ಕ.

ಫೋನಿನಲ್ಲಿ ಇಂಥ ಏರಿಳಿತ ನಮಗೆ ಗೊತ್ತಾಗುವುದೇ ಇಲ್ಲ. ಸಿನಿಮಾ ನೋಡುವಾಗ ಮುಂದಿನ ಅರ್ಧ ನಿಮಿಷದ ಚಿತ್ರ ಮೊದಲೇ ಬಂದು ಉಗ್ರಾಣ ಸೇರಿರುತ್ತದೆ. ಅಲೆ ಒಂದು ಕ್ಷಣ ಕೈಕೊಟ್ಟರೆ ಉಗ್ರಾಣದಿಂದ ಬಡಿಸಿದರಾಯಿತು. ಕನ್ನಡಕದಲ್ಲಿ ಆ ಸೌಕರ್ಯವಿಲ್ಲ. ಚಿತ್ರವನ್ನು ಹೊರಗಿನ ಕಂಪ್ಯೂಟರು ರಚಿಸಿ ಕಳಿಸುವ ಏರ್ಪಾಟಿನಲ್ಲಿ, ಅಜ್ಜಿ ಮುಂದಿನ ಗಳಿಗೆ ಎತ್ತ ತಿರುಗುತ್ತಾರೆಂದು ಅದಕ್ಕೆ ಹೇಗೆ ತಿಳಿಯಬೇಕು? ತಿರುಗಿದ ಮೇಲೆಯೇ ಹೊಸ ಚಿತ್ರ. ತಲೆ ತಿರುಗುವುದಕ್ಕೂ ಚಿತ್ರ ತಿರುಗುವುದಕ್ಕೂ ನಡುವೆ ಸೆಕೆಂಡಿನ ಐವತ್ತನೆಯ ಒಂದು ಪಾಲು, ಅಂದರೆ 20 ಮಿಲಿಸೆಕೆಂಡು ಮೀರಬಾರದೆಂಬುದು ಈ ವಿದ್ಯೆಯವರು ಇಟ್ಟುಕೊಂಡಿರುವ ಗುರಿ. ಮೀರಿದರೆ ಕಣ್ಣು ಒಂದು ಹೇಳುತ್ತದೆ, ಒಳಗಿವಿಯ ಸಮತೋಲನದ ನಳಿಗೆಗಳು ಇನ್ನೊಂದು ಹೇಳುತ್ತವೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನೊಳಗೆ ಕುಳಿತು ಪುಸ್ತಕ ಓದಿದವರಿಗೆ ಆ ಜಗಳದ ಫಲ ಗೊತ್ತು.

ಎಷ್ಟು ಸರಕು ಸಾಗಬೇಕು ಎಂಬುದನ್ನೂ ಒಮ್ಮೆ ಲೆಕ್ಕ ಹಾಕೋಣ. ಒಂದೊಂದು ಕಣ್ಣಿಗೆ ಅಡ್ಡ 2,000, ಉದ್ದ 2,000 ಚುಕ್ಕೆಗಳೆಂದರೆ ಎರಡು ಕಣ್ಣಿಗೆ 80 ಲಕ್ಷ ಚುಕ್ಕೆ. ಒಂದು ಚುಕ್ಕೆಯ ಬಣ್ಣ ಹೇಳಲು 24 ಬಿಟ್. ಸೆಕೆಂಡಿಗೆ 90 ಚಿತ್ರ. ಗುಣಿಸಿದರೆ ಸೆಕೆಂಡಿಗೆ 1,728 ಕೋಟಿ ಬಿಟ್! ಮನೆಯ ವೈ-ಫೈಗೆ ಇದು ನಿಲುಕದ ಹೊರೆ. ಆದ್ದರಿಂದ ಚಿತ್ರವನ್ನು ಹಿಂಡಿ ನೂರರಲ್ಲಿ ಒಂದು ಪಾಲಿನಷ್ಟು ಮಾಡಿ ಕಳಿಸುತ್ತಾರೆ. ಹಿಂಡಿದ ಚಿತ್ರದಲ್ಲಿ ಪ್ರತಿ ಬಿಟ್‌ಗೂ ಬೆಲೆ ಹೆಚ್ಚು. ದಾರಿಯಲ್ಲಿ ಒಂದಿಷ್ಟು ಕಳೆದರೆ ಇಡೀ ಚಿತ್ರವೇ ಕಲಸಿಹೋಗುತ್ತದೆ.

ನೀರು ಮತ್ತು ಆಮ್ಲಜನಕದ ಕಥೆ

ಹಿಂಡದೆಯೇ ಕಳಿಸುವ ಹೆದ್ದಾರಿ ಇಲ್ಲವೇ ಎಂದರೆ, ಇದೆ. ಸೆಕೆಂಡಿಗೆ 6,000 ಕೋಟಿ ಸಲ ಕಂಪಿಸುವ, ಅಂದರೆ 60 ಗಿಗಾಹರ್ಟ್ಸ್‌ನ ಅಲೆಗಳು. ಅವುಗಳ ಉದ್ದ ಬರೀ 5 ಮಿಲಿಮೀಟರು, ಒಂದು ಕಡಲೆಕಾಳಿಗಿಂತ ಚಿಕ್ಕದು. 2018ರಲ್ಲಿ ತೈವಾನಿನ ಎಚ್‌ಟಿಸಿ ಕಂಪನಿ ತನ್ನ ಕನ್ನಡಕಕ್ಕೆ ತಂತಿಯ ಬದಲು ಈ ಅಲೆಗಳನ್ನು ಬಳಸುವ ಜೋಡಣೆಯನ್ನು ಮಾರುಕಟ್ಟೆಗೆ ತಂದಿತು.

ಇಷ್ಟು ಪುಟ್ಟ ಅಲೆಗಳನ್ನು ಮೊದಲು ಸೃಷ್ಟಿಸಿ ಪಳಗಿಸಿದವರು ಯಾರೆಂದು ಬಲ್ಲಿರಾ? ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಜಗದೀಶಚಂದ್ರ ಬೋಸರು, 1895ರ ಸುಮಾರಿಗೆ. 1897ರ ಜನವರಿ 29ರ ಶುಕ್ರವಾರ ಸಂಜೆ, ಲಂಡನ್ನಿನ ಆಲ್ಬಮಾರ್ಲ್ ಬೀದಿಯ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರು ಪ್ರಯೋಗಸಹಿತ ಭಾಷಣ ಮಾಡಿದರು. ಅಲೆಗಳಿಗೆ ಒಂದು ಓರೆ ಇರುತ್ತದೆ, ಆ ಓರೆಗೆ ಸರಿಹೊಂದುವ ದಾರಿಯಲ್ಲೇ ಅವು ಹಾಯುತ್ತವೆ ಎಂಬುದು ಅವರ ವಿಷಯ. ಇದನ್ನು ತೋರಿಸಲು ಅವರಿಗೆ ದುಬಾರಿ ಹರಳು ಬೇಕಾಗಲಿಲ್ಲ, ಬ್ರಾಡ್‌ಶಾ ರೈಲ್ವೆ ವೇಳಾಪಟ್ಟಿಯಂಥ ದಪ್ಪ ಪುಸ್ತಕವೇ ಸಾಕಾಯಿತು. ಒಂದು ರೀತಿ ಹಿಡಿದರೆ ಅಲೆ ಹಾಯುತ್ತದೆ, ಕಾಲುಸುತ್ತು ತಿರುಗಿಸಿದರೆ ತಡೆಯುತ್ತದೆ. ಮರುವರ್ಷವೇ ಹುರಿಮಾಡಿದ ಸೆಣಬಿನ ಕಟ್ಟುಗಳು ಅಲೆಯ ಓರೆಯನ್ನು ತಿರುಗಿಸುವುದನ್ನು ತೋರಿಸಿ, ಸಕ್ಕರೆಯ ದ್ರಾವಣ ಬೆಳಕನ್ನು ತಿರುಗಿಸುವ ರಸಾಯನಶಾಸ್ತ್ರದ ಸಂಗತಿಗೆ ಅದನ್ನು ಹೋಲಿಸಿದರು. ಕನ್ನಡಕ ಧರಿಸಿದವರು ತಲೆಯನ್ನು ಒಂದು ಕಡೆ ವಾಲಿಸಿದಾಗ ಸಂಪರ್ಕ ದುರ್ಬಲವಾಗುವುದು ಬೋಸರ ಈ ಓರೆಯಿಂದಲೇ. ಪೆಟ್ಟಿಗೆಯ ಅಲೆ ನೆಟ್ಟಗಿದ್ದು ತಲೆಯ ಮೇಲಿನ ಆಂಟೆನಾ ಮಲಗಿದರೆ ಎರಡಕ್ಕೂ ಮಾತುಕತೆ ಕಡಿಮೆ.

ಇನ್ನು ಗಾಳಿ. ಆಮ್ಲಜನಕದ ಅಣುವಿನಲ್ಲಿ ಜೊತೆಯಿಲ್ಲದ ಎರಡು ಎಲೆಕ್ಟ್ರಾನುಗಳಿರುವುದರಿಂದ ಅದಕ್ಕೆ ಕಾಂತಗುಣವಿದೆ. ದ್ರವರೂಪದ ಆಮ್ಲಜನಕ ಕಾಂತಕ್ಕೆ ಅಂಟಿಕೊಳ್ಳುವುದನ್ನು ಡ್ಯೂವಾರ್ 1891ರಲ್ಲಿ ಇದೇ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ತೋರಿಸಿದ್ದ. ಈ ಗುಣದಿಂದಾಗಿ ಗಾಳಿಯ ಆಮ್ಲಜನಕ 60 ಗಿಗಾಹರ್ಟ್ಸ್ ಸುತ್ತಮುತ್ತಲಿನ ಅಲೆಗಳನ್ನು ಹೀರುತ್ತದೆ. ಒಂದು ಕಿಲೋಮೀಟರು ಹೋಗುವಷ್ಟರಲ್ಲಿ ನೂರರಲ್ಲಿ ಮೂರು ಪಾಲು ಉಳಿಯುತ್ತದೆ. ಆದರೆ 10 ಮೀಟರಿನ ಹಾಲಿನಲ್ಲಿ ನಷ್ಟ ನೂರಕ್ಕೆ ಮೂರೂವರೆ ಪಾಲು ಮಾತ್ರ. ಅಂದರೆ ಗಾಳಿ ನಮ್ಮ ಶತ್ರುವಲ್ಲ.

ಶತ್ರು ನಾವೇ. ವಯಸ್ಕರ ದೇಹದಲ್ಲಿ ನೂರಕ್ಕೆ ಸುಮಾರು ಅರುವತ್ತು ಪಾಲು ನೀರು. ನೀರಿನ ಅಣುವಿನ ಒಂದು ಬದಿ ಸ್ವಲ್ಪ ಧನ, ಇನ್ನೊಂದು ಬದಿ ಸ್ವಲ್ಪ ಋಣ. ಅಲೆ ಹಾದಾಗ ಅಣು ಅದಕ್ಕೆ ತಕ್ಕಂತೆ ತಿರುಗಲು ಹವಣಿಸುತ್ತದೆ. ಅಕ್ಕಪಕ್ಕದ ಅಣುಗಳು ಕೈಹಿಡಿದುಕೊಂಡಿರುವುದರಿಂದ ತಿರುಗಾಟ ತಡವಾಗುತ್ತದೆ, ಈ ಎಳೆದಾಟದಲ್ಲಿ ಅಲೆಯ ಶಕ್ತಿ ಸೋರಿ ಶಾಖವಾಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಈ ಎಳೆದಾಟ ಅತ್ಯಂತ ಜೋರಾಗಿರುವುದು 20 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, 60ರಲ್ಲೂ ಕಡಿಮೆಯೇನಲ್ಲ. ಆ ಅಲೆ ಚರ್ಮದೊಳಗೆ ಅರ್ಧ ಮಿಲಿಮೀಟರು ಹೋಗುವಷ್ಟರಲ್ಲೇ ಬಹುಪಾಲು ಮುಗಿದುಹೋಗುತ್ತದೆ. ಒಬ್ಬರು ಅಡ್ಡ ನಿಂತರೆ ಕನ್ನಡಕ ತಲಪುವ ಶಕ್ತಿ ನೂರರಲ್ಲಿ ಒಂದು ಪಾಲಿಗೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ಬೇರೆಯವರು ಏಕೆ, ಬೆನ್ನು ತಿರುಗಿಸಿದರೆ ನಮ್ಮ ತಲೆಯೇ ನಮಗೆ ಅಡ್ಡ!

ಇದಕ್ಕೆ ಉಪಾಯಗಳು ಹುಟ್ಟಿವೆ. 60 ಗಿಗಾಹರ್ಟ್ಸ್‌ನ ಅಲೆಯನ್ನು ಟಾರ್ಚಿನ ಬೆಳಕಿನಂತೆ ಸಪೂರ ಮಾಡಿ ಬಿಡುತ್ತಾರೆ. ಟಾರ್ಚು ಯಾರ ಮೇಲೆ ಬೀಳಬೇಕೋ ಅವರು ಅಲುಗಿದಂತೆಲ್ಲ ಅದೂ ತಿರುಗಬೇಕು. ಕಿರಣದ ಅಗಲ 10 ಡಿಗ್ರಿ ಇದ್ದು, ಆಟದ ಭರದಲ್ಲಿ ಮಗು ಸೆಕೆಂಡಿಗೆ 100 ಡಿಗ್ರಿ ವೇಗದಲ್ಲಿ ತಲೆ ತಿರುಗಿಸಿದರೆ ಕನ್ನಡಕದ ಕಡೆಯ ಕಿರಣ ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ಗುರಿ ತಪ್ಪುತ್ತದೆ. ಅಷ್ಟರಲ್ಲಿ ಒಂಬತ್ತು ಚಿತ್ರಗಳು ಹೋದವು. ಆದ್ದರಿಂದ ಕನ್ನಡಕದೊಳಗಿನ ಚಲನೆಯ ಮಾಪಕವನ್ನೇ ಕೇಳಿ, ತಲೆ ಎತ್ತ ಹೋಗುತ್ತಿದೆಯೆಂದು ಊಹಿಸಿ, ಕಿರಣವನ್ನು ಮುಂಚಿತವಾಗಿ ಅತ್ತ ಒಯ್ಯುವ ವಿಧಾನಗಳ ಮೇಲೆ ಸಂಶೋಧನೆ ನಡೆದಿದೆ. 2017ರಲ್ಲಿ ಅಮೆರಿಕದ ಎಂಐಟಿಯವರು ಗೋಡೆಯ ಮೇಲೆ ಅಲೆಗೊಂದು ಕನ್ನಡಿಯಂಥ ಸಾಧನ ಇಟ್ಟು, ನೇರ ದಾರಿ ಮುಚ್ಚಿದಾಗ ಸುತ್ತುದಾರಿಯಿಂದ ಕಳಿಸುವುದನ್ನು ತೋರಿಸಿದರು. ಸಂಪರ್ಕ ತಪ್ಪಿದ ಗಳಿಗೆಯಲ್ಲಿ ಕನ್ನಡಕವೇ ಹಳೆಯ ಚಿತ್ರವನ್ನು ತಲೆಗೆ ತಕ್ಕಂತೆ ತಿರುಗಿಸಿ ತೋರಿಸಿ ಕಾಲ ತಳ್ಳುವ ಉಪಾಯವೂ ಇದೆ. ನಿಂತಲ್ಲೇ ತಲೆ ತಿರುಗಿಸಿದರೆ ಇದು ಒಂದೆರಡು ಕ್ಷಣಕ್ಕೆ ಸಾಕು. ಹೆಜ್ಜೆ ಇಟ್ಟರೆ ಸಾಲದು. ಪಕ್ಕಕ್ಕೆ ಸರಿದಾಗ ಹತ್ತಿರದ ಕಂಬ ಹೆಚ್ಚು ಸರಿಯಬೇಕು, ದೂರದ ಬೆಟ್ಟ ಕಡಿಮೆ ಸರಿಯಬೇಕು. ಹಳೆಯ ಚಿತ್ರಕ್ಕೆ ಅದು ಗೊತ್ತಿಲ್ಲ.

ನಮ್ಮ ಹಾಲಿನಲ್ಲಿದ್ದದ್ದು 60 ಅಲ್ಲ, 5 ಗಿಗಾಹರ್ಟ್ಸ್‌ನ ವೈ-ಫೈ. ಅದು ಇಷ್ಟು ಮುನಿಸಿನದಲ್ಲ, ದೇಹವನ್ನು ಸ್ವಲ್ಪ ಬಳಸಿಕೊಂಡು ಬರುತ್ತದೆ. ಆದರೆ ನಾಲ್ಕು ಮಂದಿ ಒಟ್ಟಿಗೆ ಅಡ್ಡ ನಿಂತರೆ ಅದೂ ಬಳಲುತ್ತದೆ. ಜೊತೆಗೆ ಹಾಲಿನಲ್ಲಿದ್ದ ಅಷ್ಟೂ ಜನರ ಫೋನುಗಳು ಅದೇ ಗಾಳಿಯನ್ನು ಹಂಚಿಕೊಂಡಿದ್ದವು. ವೈ-ಫೈ ಸಭ್ಯ ಮನುಷ್ಯನ ಹಾಗೆ. ಬೇರೆಯವರು ಮಾತಾಡುತ್ತಿದ್ದರೆ ಕಾಯುತ್ತದೆ, ನಿಂತ ಮೇಲೆ ಬಾಯಿ ತೆರೆಯುತ್ತದೆ. ಊಟದ ಹೊತ್ತಿನ ನಮ್ಮ ಸಭೆಯಲ್ಲಿ ಸಭ್ಯನಿಗೆ ಮಾತಾಡುವ ಅವಕಾಶ ಎಷ್ಟು ಸಿಗುತ್ತದೆಂದು ಎಲ್ಲರಿಗೂ ತಿಳಿದದ್ದೇ!

ಭಯ ಬೇಡ, ಎಚ್ಚರ ಬೇಕು

ದೇಹ ಅಲೆಯನ್ನು ಹೀರುತ್ತದೆ ಎಂದ ಕೂಡಲೇ ತಾಯಂದಿರು ಕೇಳುವ ಪ್ರಶ್ನೆ ಒಂದಿದೆ: ಹಾಗಾದರೆ ಮಕ್ಕಳಿಗೆ ಅಪಾಯವಲ್ಲವೇ? 2020ರ ಏಪ್ರಿಲಿನಲ್ಲಿ ಈ ದೇಶದಲ್ಲಿ 5ಜಿಯಿಂದಲೇ ರೋಗ ಹರಡುತ್ತದೆಂದು ನಂಬಿ ಕೆಲವರು ಮೊಬೈಲ್ ಕಂಬಗಳಿಗೆ ಬೆಂಕಿ ಇಟ್ಟದ್ದು ನೆನಪಿರಬಹುದು. ರಸಾಯನಶಾಸ್ತ್ರದ ಲೆಕ್ಕ ಹೀಗಿದೆ. ಅಣುಗಳಲ್ಲಿ ಎರಡು ಇಂಗಾಲದ ಪರಮಾಣುಗಳ ನಡುವಿನ ಸಾಮಾನ್ಯ ಬಂಧ ಮುರಿಯಲು ಸುಮಾರು 3.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. 60 ಗಿಗಾಹರ್ಟ್ಸ್‌ನ ಅಲೆಯ ಒಂದು ಕಣದಲ್ಲಿ ಇರುವುದು ಅದರ ಹದಿನಾಲ್ಕು ಸಾವಿರದಲ್ಲಿ ಒಂದು ಪಾಲು. ಆದ್ದರಿಂದ ಅದು ಬಂಧ ಮುರಿಯಲಾರದು, ಬೆಚ್ಚಗೆ ಮಾಡೀತು. ಎಷ್ಟು ಬೆಚ್ಚಗೆ ಮಾಡಬಹುದೆಂಬುದಕ್ಕೆ ಅಂತಾರಾಷ್ಟ್ರೀಯ ಮಿತಿಗಳಿವೆ, 2020ರಲ್ಲಿ ಅವನ್ನು ಪರಿಷ್ಕರಿಸಿದ್ದಾರೆ. ಕನ್ನಡಕದ ನಿಜವಾದ ಅಪಾಯ ಅಲೆಯಲ್ಲಿಲ್ಲ. ಎಡವುವುದರಲ್ಲಿದೆ, ತಲೆಸುತ್ತಿ ಬೀಳುವುದರಲ್ಲಿದೆ. ಎಚ್ಚರ ಅಲ್ಲಿಗೆ ಸಲ್ಲಲಿ.

ಇದೆಲ್ಲವನ್ನೂ ನಮ್ಮ ಹಾಲಿಗೂ ಮನೆಗಳಿಗೂ ಅನ್ವಯಿಸಿದರೆ ಹೀಗೆ ಮಾಡಬಹುದು.

ಒಂದು, ಪೆಟ್ಟಿಗೆಯನ್ನು ಎತ್ತರದಲ್ಲಿಡಿ, ಆಳಿಗಿಂತ ಎತ್ತರದಲ್ಲಿ. ಮೇಲಿನಿಂದ ಇಳಿಯುವ ಅಲೆಗೆ ನಡೆದಾಡುವವರ ಅಡ್ಡಿ ಕಡಿಮೆ. ಟೀವಿಯ ಹಿಂದೆ, ಮೀನಿನ ತೊಟ್ಟಿಯ ಪಕ್ಕ ಇಡಬೇಡಿ. ಮೀನಿನ ತೊಟ್ಟಿಯೂ ನೀರೇ.

ಎರಡು, ಕನ್ನಡಕ ಮತ್ತು ಪೆಟ್ಟಿಗೆ ಒಂದೇ ಕೋಣೆಯಲ್ಲಿರಲಿ. ಲಂಡನ್ನಿನ ಹಳೆಯ ಮನೆಗಳ ಇಟ್ಟಿಗೆ ಗೋಡೆ ಅಲೆಯನ್ನು ತಿನ್ನುತ್ತದೆ. ಅಟ್ಟವನ್ನು ಕೋಣೆ ಮಾಡಿಸಿಕೊಂಡವರ ಮನೆಯಲ್ಲಿ ಶಾಖ ತಡೆಯಲು ಹಾಕಿದ ಹಲಗೆಗಳಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದರೆ ಅಲೆ ಅಲ್ಲಿಂದಲೇ ಹಿಂದಿರುಗುತ್ತದೆ. ಹೊಸ ಜೋಡಿಗಾಜಿನ ಕಿಟಕಿಗಳಿಗೆ ಬಳಿದ ಬೆಳ್ಳಿಯ ಅತಿ ತೆಳು ಪದರವೂ ಅದೇ ಕೆಲಸ ಮಾಡುತ್ತದೆ.

ಮೂರು, ಆಫ್‌ಕಾಂ ಸಂಸ್ಥೆ 2020ರ ಜುಲೈಯಲ್ಲಿ 5,925ರಿಂದ 6,425 ಮೆಗಾಹರ್ಟ್ಸ್‌ವರೆಗಿನ ಹೊಸ ಪಟ್ಟಿಯನ್ನು ವೈ-ಫೈಗೆ ತೆರೆದಿದೆ. ಅದನ್ನು ಬಳಸಬಲ್ಲ ಪೆಟ್ಟಿಗೆಯೂ ಕನ್ನಡಕವೂ ಸಿಕ್ಕರೆ, ಅಲ್ಲಿ ಫೋನುಗಳ ಸಂತೆ ಕಡಿಮೆ.

ನಾಲ್ಕು, ಸಾಧ್ಯವಿದ್ದ ಕಡೆ ಚಿತ್ರವನ್ನು ಕನ್ನಡಕದೊಳಗೇ ಮೊದಲೇ ತುಂಬಿಡಿ. ಹಂಪೆಯ ಕಲ್ಲುಗಳು ಸಾವಿರ ವರ್ಷ ಕಾದಿರಬಲ್ಲವಾದರೆ ಅವುಗಳ ಚಿತ್ರ ಹಿಂದಿನ ದಿನವೇ ಬಂದು ಕೂರಲು ಅಡ್ಡಿಯೇನು? ಅಲೆಯೇ ಬೇಡವಾದಲ್ಲಿ ಅಲೆಯ ಜಗಳವೂ ಇಲ್ಲ. ಊರಿನ ಮನೆಯ ಮದುವೆಯನ್ನು ನಡೆಯುತ್ತಿರುವಂತೆಯೇ ನೋಡಬೇಕೆಂದರೆ ಮಾತ್ರ ಬೇರೆ. ಬೆಂಗಳೂರು ಇಲ್ಲಿಂದ 8,000 ಕಿಲೋಮೀಟರು; ಗಾಜಿನ ಎಳೆಯಲ್ಲಿ ಬೆಳಕಿಗೆ ಒಂದು ಕಡೆಗೇ 40 ಮಿಲಿಸೆಕೆಂಡು ಬೇಕು, ಹೋಗಿ ಬರಲು 80. ಆದ್ದರಿಂದ ತಲೆ ತಿರುಗಿದ ಸುದ್ದಿ ಬೆಂಗಳೂರಿಗೆ ಹೋಗಿ ಚಿತ್ರ ಬರುವುದೆಂಬುದು 20ರ ಮಿತಿಯಲ್ಲಿ ಆಗದ ಮಾತು. ಸುತ್ತಲಿನ ಇಡೀ ದೃಶ್ಯವನ್ನು ಅಲ್ಲಿಂದ ತರಿಸಿಕೊಂಡು, ಬೇಕಾದ ತುಣುಕನ್ನು ಕನ್ನಡಕವೇ ಆರಿಸುವಂತೆ ಮಾಡಬೇಕು.

ಐದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು: ಹಿರಿಯರು ಕುಳಿತು ನೋಡಲಿ. ಕೈಯಿರುವ, ಗಟ್ಟಿಯಾದ, ಗಾಲಿಯಿಲ್ಲದ ಕುರ್ಚಿ. ಕುಳಿತವರು ತಲೆ ತಿರುಗಿಸುತ್ತಾರೆಯೇ ಹೊರತು ಹೆಜ್ಜೆ ಇಡುವುದಿಲ್ಲ. ಚಿತ್ರ ಒಂದು ಕ್ಷಣ ತಪ್ಪಿದರೂ ಕನ್ನಡಕ ಸಂಭಾಳಿಸುತ್ತದೆ, ಅದೂ ತಪ್ಪಿದರೆ ಕುರ್ಚಿ ಸಂಭಾಳಿಸುತ್ತದೆ. ಪಕ್ಕದಲ್ಲಿ ಒಬ್ಬರು ಭುಜ ಮುಟ್ಟಿಕೊಂಡು ನಿಲ್ಲಲಿ. ಒಂದು ಸಲಕ್ಕೆ ಐದು ನಿಮಿಷ ಸಾಕು. ತಲೆಸುತ್ತಿನ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಲಿ.

ಇಷ್ಟು ಮಾಡಿದರೆ ಹಿರಿಯರನ್ನು ಸರದಿಯಿಂದ ಹೊರಗಿಡುವ ಅಗತ್ಯ ನಮಗೆ ಕಾಣುವುದಿಲ್ಲ. ಅಡ್ಡ ಬಂದದ್ದು ಅವರ ವಯಸ್ಸಲ್ಲ, ನಾಲ್ಕು ಜನರ ದೇಹದ ನೀರು. ಖರ್ಚಿನ ಮಾತಾದರೂ ಎಷ್ಟು? ಒಂದು ಎತ್ತರದ ಕಂಬ, ಎರಡು ಕುರ್ಚಿ, ನೆಲದ ಮೇಲೆ ಬಣ್ಣದ ಟೇಪಿನಿಂದ ಎಳೆದ ಒಂದು ಗೆರೆ, ಆ ಗೆರೆಯೊಳಗೆ ಫೋಟೋದವರು ಬಾರದಂತೆ ನೋಡಿಕೊಳ್ಳುವ ಒಬ್ಬ ಗಟ್ಟಿ ಗಂಟಲಿನ ಸದಸ್ಯ. ಕೊನೆಯದಕ್ಕೆ ನಮ್ಮ ಸಂಘದಲ್ಲಿ ಎಂದೂ ಕೊರತೆ ಬಿದ್ದಿಲ್ಲ. ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯ ಬರಲಿದೆ. ಕಂಬ ಕೊಡಬಲ್ಲವರು, ಆ ದಿನ ಒಂದು ಗಂಟೆ ಹಿರಿಯರ ಪಕ್ಕ ನಿಲ್ಲಬಲ್ಲ ತರುಣ ತರುಣಿಯರು ಕಾರ್ಯದರ್ಶಿಯವರಿಗೆ ಮುಂಚಿತವಾಗಿ ತಿಳಿಸಿದರೆ ಉಪಕಾರವಾದೀತು. ಎಡಗಡೆಯ ಹೂವಿನ ಅಂಗಡಿ ಇನ್ನೂ ಇದೆಯೇ ಎಂಬುದನ್ನು ಅಜ್ಜಿ ನೋಡಬೇಕಾಗಿದೆ.